ಕನ್ನಡಿಯ ಬೆನ್ನಿಗೆ ಕಟ್ಟಿದ ಗೂಡು

೮ ಸೆಪ್ಟೆಂಬರ್, ಸೋಮವಾರ

ಏಳನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟ ಮೇಲೆ ಅಂಗಡಿ ಚೀಟಿ ಬಿಟ್ಟರೆ ಬೇರೇನನ್ನೂ ಬರೆದವಳಲ್ಲ ನಾನು. ಈಗ ಬಾಯಲ್ಲಿ ಆಡಿದರೆ ಮಾತು ಒಂದು ಕಡೆಯಿಂದ ಸೋರಿಹೋಗುತ್ತದೆ. ಪೆನ್ನಿನಿಂದ ಸೋರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಶಿವನೊಬ್ಬ ಓದಿಕೊಂಡರೆ ಸಾಕು.

ಶುಕ್ರವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯಿಂದ ಇಳಿದು ರವಿಕೆ ನೆನೆಯಿತು. ನಿದ್ದೆಗಣ್ಣು ಎಂದುಕೊಂಡೆ. ಯಜಮಾನರಿಗೆ ಟೀ ಕೊಟ್ಟರೆ ಅವರು ಲೋಟ ತೆಗೆದುಕೊಳ್ಳದೆ ನನ್ನನ್ನೇ ನೋಡಿದರು.

"ಮಲ್ಲಾಜಿ, ಒಂದ್ಸಲಿ ನಗು."

"ಯಾಕೆ, ಹೊತ್ತಾರೆಗೇ ಏನ್ ಬಂತು ನಿಮ್ಗೆ?"

"ನಗೇ ಅಂದ್ರೆ."

ನಕ್ಕೆ. ಅವರ ಮುಖ ಬಿಳಿಚಿಕೊಂಡಿತು. ನಾನು ಎಡಗಡೆ ಮಾತ್ರ ನಕ್ಕಿದ್ದೆನಂತೆ. ಬಲಗಡೆ ಯಾರೋ ಬೇರೆಯವರದು ಎಂಬಂತೆ ಸುಮ್ಮನೆ ಇತ್ತಂತೆ.

ನಂಜನಗೂಡಿನ ಡಾಕ್ಟರು ನೋಡಿ, "ಲಕ್ವ ಅಲ್ಲ ಅಮ್ಮ, ಹೆದರಬೇಡಿ. ಮುಖದ ನರ ಒಂದು ಊದಿಕೊಂಡಿದೆ" ಎಂದರು. ಕೆಲವರಿಗೆ ತಿಂಗಳಲ್ಲಿ ವಾಸಿಯಾಗುತ್ತದೆ, ಕೆಲವರಿಗೆ ಆರು ತಿಂಗಳು, ಇನ್ನು ಕೆಲವರಿಗೆ ಒಂದಿಷ್ಟು ಉಳಿದುಬಿಡುತ್ತದೆ. ನಾನು ಯಾವ ಲೆಕ್ಕದಲ್ಲಿದ್ದೇನೆ ಎಂದು ಅವರಿಗೂ ಗೊತ್ತಿಲ್ಲ. ಬಲಗಣ್ಣು ಮುಚ್ಚುವುದಿಲ್ಲವಲ್ಲ, ಅದಕ್ಕೆ ಹನಿ ಔಷಧಿ. ದಿನಾ ಕನ್ನಡಿ ಮುಂದೆ ನಿಂತು ಹುಬ್ಬು ಏರಿಸಬೇಕು, ಕೆನ್ನೆ ಊದಿಸಬೇಕು, ಪ, ಬ, ಮ ಎಂದು ಹೇಳಬೇಕು.

ಮನೆಗೆ ಬಂದು ಕನ್ನಡಿ ಮುಂದೆ ನಿಂತೆ. ವಿಭೂತಿಯ ಮೂರು ಗೆರೆ ಎಡಗಡೆ ಏರಿದವು, ಬಲಗಡೆ ನೆಟ್ಟಗೆ ಮಲಗಿದ್ದವು. ಬಾಯಿ ಎಡಗಿವಿಯ ಕಡೆಗೆ ಎಳೆದಿದೆ. ಕಣ್ಣು ಮೀನಿನ ಕಣ್ಣು. ಕನ್ನಡಿಯನ್ನು ಮೊಳೆಯಲ್ಲೇ ತಿರುಗಿಸಿ ಗೋಡೆಗೆ ಮುಖ ಮಾಡಿಸಿದೆ. ಈಗ ಹಜಾರದಲ್ಲಿ ಅದರ ಬೆನ್ನಿನ ಕಂದು ರಟ್ಟು ಕಾಣುತ್ತದೆ.

ಬಿಂದುವಿಗೆ ಹೇಳಿಲ್ಲ.

೧೧ ಸೆಪ್ಟೆಂಬರ್, ಗುರುವಾರ

ಬಿಂದುಶ್ರೀ ನನ್ನ ಒಬ್ಬಳೇ ಮಗಳು. ಟಿ. ನರಸೀಪುರದಲ್ಲಿ ಗಂಡನ ಮನೆ. ಅಳಿಯ ಅಮೃತೇಶ್ ಅಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಬಸುರು ನಿಂತು ಮೂರನೇ ತಿಂಗಳಿಗೆ ಕಳೆದುಹೋಯಿತು. ಈಗ ಐದನೇ ತಿಂಗಳು ನಡೆಯುತ್ತಿದೆ. ಬಸ್ಸು ಹತ್ತಬೇಡ, ಓಡಾಡಬೇಡ ಎಂದಿದ್ದಾರೆ. ಅದಕ್ಕೇ ದಿನಾ ಸಂಜೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವ ರೂಢಿ.

ಶುಕ್ರವಾರದಿಂದ ಫೋನು ಕೆಟ್ಟಿದೆ ಎಂದು ಸುಳ್ಳು ಹೇಳಿಸಿದೆ. ಇವತ್ತು ಎತ್ತಲೇಬೇಕಾಯಿತು. ಫೋನಿನ ಮೂಲೆಯಲ್ಲಿ ಸುತ್ತಿಕೊಂಡ ಬಾಣದ ಗುರುತಿದೆ, ಅದನ್ನು ಒತ್ತಿದರೆ ನಮ್ಮ ಮುಖ ಹೋಗಿ ಎದುರಿಗಿರುವುದು ಕಾಣುತ್ತದೆ. ಒತ್ತಿಕೊಂಡೇ ಎತ್ತಿದೆ.

"ಎಲ್ಲಿ ಅವ್ವ, ನೀನೇ ಕಾಣ್ತಿಲ್ಲ. ಅದ್ಯಾಕ್ ಹಂಗ್ ಮಾತಾಡ್ತಿದ್ದೀಯ?"

"ಹಲ್ ಕೀಳ್ಸಿದೀನಿ. ಅದ್ ಬುಡು, ಬದ್ನೇ ಗಿಡ ನೋಡು, ಎಷ್ಟ್ ಹೂ ಬುಟ್ಟದೆ."

"ಬದ್ನೇಕಾಯ್ ನೋಡಕ್ಕಾ ನಾನ್ ಫೋನ್ ಮಾಡಿರೋದು?"

"ಕರೂನೂ ತೋರುಸ್ತೀನಿ ಇರು."

ಕರು ತೋರಿಸಿದೆ. ಹಿತ್ತಲು ತೋರಿಸಿದೆ. ನೀರಿನ ತೊಟ್ಟಿ ತೋರಿಸಿದೆ. ತೋರಿಸುವುದಕ್ಕೆ ಬೇರೇನೂ ಉಳಿಯಲಿಲ್ಲ. ನಾಳೆಗೆ ಏನಾದರೂ ಹುಡುಕಬೇಕು.

೧೫ ಸೆಪ್ಟೆಂಬರ್, ಸೋಮವಾರ

ಎದುರು ಮನೆ ಮಂಚಮ್ಮ ಮಜ್ಜಿಗೆಗೆ ಬಂದಳು. ಸೆರಗು ಮುಚ್ಚಿಕೊಳ್ಳುವಷ್ಟರಲ್ಲಿ ನೋಡಿಬಿಟ್ಟಳು.

"ಅಯ್ಯೋ ಅಕ್ಕಾ, ಇದೇನ್ ನಿನ್ ಮಖ ಇಂಗಾಗದೆ! ಅರ್ಧ ಕ್ವಾಪ ಮಾಡ್ಕಂಡಂಗದೆ, ಅರ್ಧ ಸುಮ್ಕದೆ."

"ನರ ಊದ್ಕಂಡದೆ ಕಣೆ. ವಾಸಿ ಆಯ್ತದೆ ಅಂದವ್ರೆ."

"ಆಗ್ಲಿ, ನಂಜುಂಡಪ್ಪ ಕಾಯ್ಲಿ." ಚೊಂಬು ತುಂಬಿಸಿಕೊಂಡವಳು ಹೊರಡಲಿಲ್ಲ. "ಬೇಜಾರ್ ಮಾಡ್ಕಬ್ಯಾಡ ಅಕ್ಕಾ. ನಿನ್ ಮಗ್ಳು ಬಸ್ರಿ. ಬಸ್ರಿ ಎಂಗ್ಸು ಏನ್ ನೋಡ್ತಾಳೋ ಮಗ ಅಂಗೇ ಆಯ್ತದೆ. ವಸಿ ಗ್ಯಾನ ಇರ್ಲಿ."

ಬೈಯೋಣ ಎಂದರೆ ಯಾವ ಬಾಯಲ್ಲಿ ಬೈಯಲಿ? ಈ ಸಲ ಮೂರನೇ ತಿಂಗಳಿಗೆ ದುಂಡು ಕೆನ್ನೆಯ ಮಗುವಿನ ಚಿತ್ರವಿದ್ದ ಕ್ಯಾಲೆಂಡರನ್ನು ಕೊಂಡು, "ದಿನಾ ಎದ್ದ ತಕ್ಷಣ ಇದನ್ನೇ ನೋಡು, ಇಂಥದ್ದೇ ಹುಟ್ಟುತ್ತೆ" ಎಂದು ಬಿಂದುವಿಗೆ ಕಳಿಸಿದವಳು ನಾನೇ ಅಲ್ಲವೇ?

ಸಂಜೆ ಲಿಂಗಪೂಜೆಗೆ ಕೂತೆ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ದಿಟ್ಟಿಸಿದರೆ ಅದರ ಕರಿ ಹೊಳಪಿನಲ್ಲಿ ದೀಪ ಕಾಣುತ್ತದೆ, ದೀಪದ ಪಕ್ಕದಲ್ಲಿ ಎಳ್ಳಿನಷ್ಟು ನನ್ನ ಮುಖ. ಮೂವತ್ತು ವರ್ಷದಿಂದ ಅಲ್ಲಿ ಮುಖ ಕಂಡದ್ದು ನೆನಪಿಲ್ಲ. ಇವತ್ತು ಅದೊಂದೇ ಕಂಡಿತು, ಅಷ್ಟು ಚಿಕ್ಕದರಲ್ಲೂ ವಾರೆಯಾಗಿಯೇ. ಶಿವಾ, ನಿನ್ನನ್ನು ನೋಡಲು ಕೂತು ನನ್ನನ್ನೇ ನೋಡಿಕೊಂಡೆ. ತಪ್ಪಾಯಿತು.

ಏಳನೇ ತಿಂಗಳಿಗೆ ಬಿಂದುವಿಗೆ ಸೀಮಂತ. ನಮ್ಮ ಕಡೆ ಮೊದಲ ಜೊತೆ ಬಳೆ ತಾಯಿಯೇ ತೊಡಿಸಬೇಕು. ತೊಡಿಸಿ ಹೆರಿಗೆಗೆ ಕರೆದು ತರಬೇಕು. ಅವಳು ಮೂರು ತಿಂಗಳು ಈ ಮನೆಯಲ್ಲಿ, ಹೊತ್ತಾರೆ ಎದ್ದರೆ ಈ ಮುಖ. ಮೊದಲೇ ಒಂದು ಹೋಗಿದೆ.

ನಾನು ಹೋಗುವುದಿಲ್ಲ.

೧೭ ಸೆಪ್ಟೆಂಬರ್, ಬುಧವಾರ

ಎಲ್ಲೂ ಹೋಗಲಿಲ್ಲ. ಫೋನಿನಲ್ಲಿ ಇರುವೆ ಸಾಲು ತೋರಿಸಿದೆ.

೨೨ ಸೆಪ್ಟೆಂಬರ್, ಸೋಮವಾರ

ಇವತ್ತು ಹಜಾರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಗುಂಯ್ ಎಂದಿತು. ನಿಂತಿತು. ಮತ್ತೆ ಗುಂಯ್ ಎಂದಿತು. ನೋಡಿದರೆ ಕಣಜದ ಹುಳ, ಕನ್ನಡಿಯ ಬೆನ್ನಿನ ರಟ್ಟಿನ ಮೇಲೆ. ಹಳದಿ ಮೈಗೆ ಕಪ್ಪು ಪಟ್ಟೆ, ಸೊಂಟ ನೂಲಿನಷ್ಟು. ಬಾಯಲ್ಲಿ ಒದ್ದೆ ಮಣ್ಣಿನ ಉಂಡೆ, ಸಾಸಿವೆಗಿಂತ ದಪ್ಪ, ಹುರುಳಿಗಿಂತ ಸಣ್ಣ. ಅದನ್ನು ರಟ್ಟಿಗೆ ಒತ್ತಿ, ಮುಂಗಾಲಲ್ಲಿ ಹಿಡಿದು ತೆಳ್ಳಗೆ ಎಳೆಯುತ್ತದೆ. ಎಳೆಯುವಾಗ ಮಾತ್ರ ಆ ಗುಂಯ್ ಶಬ್ದ. ಮುಗಿದರೆ ಹಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಉಂಡೆ.

ಓಡಿಸಲು ಪೊರಕೆ ಹಿಡಿದವಳು ಹಾಗೇ ಕೂತೆ. ಕಟ್ಟಡ ಏರುತ್ತಿತ್ತು. ಒಂದು ಕಡೆ ಗೋಡೆ ಎದ್ದರೆ ಇನ್ನೊಂದು ಕಡೆಗೆ ಹೋಗಿ ಮೀಸೆಯಲ್ಲಿ ಮುಟ್ಟಿ ಮುಟ್ಟಿ ಅಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ್ಲಿಕಾಯಿ ಗಾತ್ರದ ಗಡಿಗೆಯಾಯಿತು. ಗಡಿಗೆಗೆ ಕಂಠ, ಕಂಠಕ್ಕೆ ಹೊರಗೆ ಬಗ್ಗಿದ ಅಂಚು! ನಮ್ಮ ಹಿತ್ತಲ ಗಡಿಗೆಗೂ ಅಂಥ ಅಂಚಿಲ್ಲ. ಚಕ್ರ ಇಲ್ಲ, ಯಾರೂ ಹೇಳಿಕೊಟ್ಟಿಲ್ಲ. ಯಾರನ್ನು ಕೇಳಿಕೊಂಡು ಆ ಅಂಚನ್ನು ಬಗ್ಗಿಸಿತು?

ಅಕ್ಕಿ ಅರ್ಧ ಹಾಗೇ ಉಳಿಯಿತು. ಯಜಮಾನರು ಊಟಕ್ಕೆ ಬಂದು, "ಅನ್ನ ಎಲ್ಲಿ?" ಎಂದರು. ನಾನು ಕನ್ನಡಿ ತೋರಿಸಿದೆ.

ಸಂಜೆ ಬಿಂದುವಿಗೂ ತೋರಿಸಿದೆ. ಅವಳು, "ಹತ್ರ ಹಿಡಿ ಅವ್ವ, ಇನ್ನೂ ಹತ್ರ" ಎನ್ನುತ್ತಲೇ ಇದ್ದಳು. ಬದನೆಕಾಯಿಯ ಮಾತು ಬರಲಿಲ್ಲ.

೨೪ ಸೆಪ್ಟೆಂಬರ್, ಬುಧವಾರ

ಗಡಿಗೆ ಕಟ್ಟಿದ್ದು ಯಾಕೆಂದು ಇವತ್ತು ಕಂಡೆ. ತಾಯಿ ಹುಳ ಹಸಿರು ಹುಳ ಹಿಡಿದು ತಂದಿತು. ಅವರೆ ಗಿಡದಲ್ಲಿ ಇರುತ್ತವಲ್ಲ, ಎಲೆ ತಿನ್ನುವವು, ಅಂಥದು. ಕಾಲಿನ ನಡುವೆ ಮಗುವಿನಂತೆ ಹಿಡಿದು ಗಡಿಗೆಯೊಳಕ್ಕೆ ತುರುಕಿತು. ಮತ್ತೊಂದು. ಮತ್ತೊಂದು. ಆಮೇಲೆ ಮಣ್ಣು ತಂದು ಬಾಯಿ ಮುಚ್ಚಿತು. ಅಷ್ಟು ಚೆಂದದ ಅಂಚನ್ನೂ ಒಡೆದು ಅದೇ ಮಣ್ಣಿನಲ್ಲಿ ಸೇರಿಸಿ ಮುಚ್ಚಿತು! ನನಗೆ ಹೊಟ್ಟೆ ಉರಿಯಿತು. ಈಗ ಪಕ್ಕದಲ್ಲೇ ಎರಡನೆಯ ಗಡಿಗೆ ಶುರುವಾಗಿದೆ.

ಆಗ ನೆನಪಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಠದ ಸ್ವಾಮಿಗಳೊಬ್ಬರು ಪ್ರವಚನದಲ್ಲಿ ಹೇಳಿದ್ದರು. ಕುಂಡಲಿಗ ಎನ್ನುವ ಹುಳ ಕೀಡೆಯನ್ನು, ಅಂದರೆ ಇಂಥ ಹಸಿರು ಹುಳವನ್ನು, ತಂದು ಮಣ್ಣಿನ ಗೂಡಿನಲ್ಲಿಟ್ಟು ಅದರ ಮುಂದೆ ಗುಂಯ್‌ಗುಡುತ್ತದಂತೆ. ಕೀಡೆ ಹೆದರಿ ಅದನ್ನೇ ನೋಡುತ್ತಾ, ಅದನ್ನೇ ನೆನೆಯುತ್ತಾ ತಾನೂ ಕುಂಡಲಿಗವೇ ಆಗುತ್ತದಂತೆ. ಗುರುವನ್ನು ಹಾಗೆ ನೆನೆಯಬೇಕು ಎಂದಿದ್ದರು. ಅದೇ ಹುಳ ಇದು! ಮೂವತ್ತು ವರ್ಷದ ಹಿಂದೆ ಕೇಳಿದ ಮಾತು ನನ್ನ ಹಜಾರದಲ್ಲೇ ನಡೆಯುತ್ತಿದೆ.

ಅಂದರೆ ನೋಡಿದ್ದೇ ಆಗುವುದು ನಿಜ. ಮಂಚಮ್ಮ ಸುಳ್ಳು ಹೇಳಲಿಲ್ಲ. ಇದು ಮನಸ್ಸಿಗೆ ಬಂದ ಮೇಲೆ ಊಟ ಸೇರಲಿಲ್ಲ.

ಆದರೂ ಒಂದು ಸಂಶಯ. ಬಾಯಿ ಮುಚ್ಚಿದ ಮೇಲೆ ಒಳಗೆ ಕತ್ತಲೆ. ತಾಯಿ ಆ ಗಡಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಕೀಡೆ ಯಾರನ್ನು ನೋಡಿಕೊಂಡು ಕುಂಡಲಿಗ ಆಗುತ್ತದೆ? ಕಾದು ನೋಡಬೇಕು.

೨೯ ಸೆಪ್ಟೆಂಬರ್, ಸೋಮವಾರ

ಈಗ ಮೂರು ಗಡಿಗೆ. ಬಿಂದು ಸಂಜೆಗೆ ಕಾಯುವುದಿಲ್ಲ. ಮಧ್ಯಾಹ್ನವೇ ಫೋನು ಮಾಡಿ, "ಅವ್ವ, ಇವತ್ ಏನ್ ಮಾಡ್ತು?" ಎನ್ನುತ್ತಾಳೆ. "ಮಣ್ಣು ಎಲ್ಲಿಂದ ತರ್ತದೆ?" ಎಂದು ನಿನ್ನೆ ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದದ್ದು ಇವತ್ತು ಇಡೀ ಬೆಳಿಗ್ಗೆ ಕೊರೆಯಿತು.

ಹುಳ ಹಾರಿದ ಕಡೆಗೇ ಹೊರಟೆ. ಎಮ್ಮೆ ಕೊಟ್ಟಿಗೆ ದಾಟಿ, ಸಿಮೆಂಟು ರಸ್ತೆ ದಾಟಿ ನಲ್ಲಿಯ ಹತ್ತಿರ ತಪ್ಪಿಹೋಯಿತು. ಅಲ್ಲೇ ನಿಂತೆ. ಇನ್ನೊಂದು ಸಲ ಬಂತು. ಬಿಂದಿಗೆ ಇಡುವ ಕಲ್ಲಿನ ಸಂದಿಯಲ್ಲಿ ಒದ್ದೆ ಕೆಮ್ಮಣ್ಣಿದೆ, ಅದೇ ಜಾಗ. ಪಕ್ಕದ ಕರಿ ಮಣ್ಣನ್ನು ಮುಟ್ಟುವುದಿಲ್ಲ. ಮೊದಲು ನೀರು ಕುಡಿಯುತ್ತದೆ, ಆ ನೀರನ್ನು ಮಣ್ಣಿಗೆ ಉಗುಳಿ ಕಲಸುತ್ತದೆ.

"ಏನಕ್ಕಾ ಉಡುಕ್ತಿದ್ದೀಯೆ, ಓಲೆ ಬಿದ್ದೋಯ್ತಾ?" ಮಂಚಮ್ಮ ಬಿಂದಿಗೆ ಹಿಡಿದು ನಿಂತಿದ್ದಳು. ಹಿಂದೆ ಇನ್ನೂ ಇಬ್ಬರು.

"ಸುಮ್ಕಿರೆ. ನೀರ್ ಚೆಲ್ಬ್ಯಾಡ, ಅದು ಮಣ್ ತಕ್ಕೊಳ್ಳಿ."

"ಯಾವ್ದು?"

ತೋರಿಸಿದೆ. ಮೂವರೂ ಬಗ್ಗಿದರು. ನಾಲ್ಕು ಜನ ಹೆಂಗಸರು ನಲ್ಲಿ ಬಿಟ್ಟುಕೊಂಡು ಒಂದು ಹುಳ ನೋಡುತ್ತಾ ನಿಂತದ್ದನ್ನು ಕಂಡು ಬೈಕಿನವನೊಬ್ಬ ನಿಲ್ಲಿಸಿಯೇ ಬಿಟ್ಟ.

"ಮನೇಲಿ ಕಣಜ ಗೂಡ್ ಕಟ್ಟುದ್ರೆ ಮಗ ಉಟ್ತದೆ ಕಣಕ್ಕಾ. ಕೆಡುವ್ಬ್ಯಾಡ" ಎಂದಳು ಮಂಚಮ್ಮ.

"ಕೆಡುವೋರ್ ಯಾರೆ?"

ಮನೆಗೆ ಬಂದ ಮೇಲೆ ಗೊತ್ತಾಯಿತು, ಸೆರಗು ಹೆಗಲ ಮೇಲೇ ಇತ್ತು. ಮರೆತೇ ಹೋಗಿದ್ದೆ.

೧ ಅಕ್ಟೋಬರ್, ಬುಧವಾರ

ಆಯುಧಪೂಜೆ. ಯಜಮಾನರು ಟಿಲ್ಲರು ತೊಳೆದು, ಕುಡುಗೋಲು ತೊಳೆದು, ಕನ್ನಡಿಯನ್ನೂ ತೊಳೆದು ಸರಿಯಾಗಿ ತಿರುಗಿಸಲು ಬಂದರು.

"ಮುಟ್ಟೀರಾ! ಒಳಗೆ ಕೂಸದೆ."

"ಮತ್ತೆ ನಾನ್ ಗಡ್ಡ ಎಲ್ ನೋಡ್ಕಂಡ್ ಮಾಡ್ಕಬೇಕು?"

"ಟಿಲ್ಲರ್ ಕನ್ನಡೀಲಿ ಮಾಡ್ಕಳಿ."

ಮಾಡಿಕೊಂಡರು. ಕೆನ್ನೆ ಕೊಯ್ದುಕೊಂಡರು. ಕನ್ನಡಿಯ ರಟ್ಟಿಗೂ ಒಂದು ಚೆಂಡುಹೂ ಸಿಕ್ಕಿಸಿ ಅರಿಸಿನ ಇಟ್ಟೆ, ಗಡಿಗೆಗಳಿಗೆ ತಾಕದ ಹಾಗೆ.

೯ ಅಕ್ಟೋಬರ್, ಗುರುವಾರ

ಬೀಗಿತ್ತಿ ಫೋನು ಮಾಡಿದ್ದರು. ನವೆಂಬರ್ ಹದಿನಾರು ಭಾನುವಾರ ಸೀಮಂತ ಎಂದು ಗೊತ್ತುಮಾಡಿದ್ದಾರೆ. ಕಾರಿನಲ್ಲಿ ನಿಧಾನವಾಗಿ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರೂ ಹೇಳಿದ್ದಾರಂತೆ. "ನೀವ್ ಬೇಗ ಬನ್ನಿ ಬೀಗ್ತೀರೇ, ಮೊದ್ಲ್ ಬಳೆ ನಿಮ್ದೇ" ಎಂದರು.

ರಾತ್ರಿ ಊಟ ಬಡಿಸುತ್ತಾ ಯಜಮಾನರಿಗೆ ಹೇಳಿದೆ. ಬಳೆ ತೊಡಿಸಲು ಓರಗಿತ್ತಿ ನಂದಿತಾ ಹೋಗಲಿ. ಬಾಣಂತನ ಅಲ್ಲೇ ಆಗಲಿ. ನನಗೆ ಮಂಡಿನೋವು ಎಂದು ಹೇಳಿಬಿಡಿ ಎಂದೆ.

ಮುದ್ದೆ ಮುರಿದವರು ಹಾಗೇ ಬಿಟ್ಟರು. "ತಾಯಿ ಬದುಕಿರುವಾಗ ಇನ್ನೊಬ್ರು ತೊಡ್ಸೋದಾ?"

"ಈ ಮಖ ಅವ್ಳ್ ಕಣ್ಗೆ ಬೀಳ್ಬಾರ್ದು. ಹೊಟ್ಟೇಲಿರೋದು ಹಿಂಗೇ ಹುಟ್ಟುದ್ರೆ ನಾನ್ ಏನ್ ಮಾಡ್ಲಿ?"

ಅವರು ತುತ್ತನ್ನು ಸಾರಿಗೆ ಅದ್ದಿ ನುಂಗಿದರು. ಆಮೇಲೆ, "ನಾನ್ ದಿನಾ ನೋಡ್ತೀನಲ್ಲ, ನನ್ ಮಖ ಏನ್ ವಾರೆ ಆಯ್ತಾ?" ಎಂದರು.

ಗಂಡಸರಿಗೆ ಇದೆಲ್ಲ ತಮಾಷೆ.

೧೪ ಅಕ್ಟೋಬರ್, ಮಂಗಳವಾರ

ಆಗಬಾರದ್ದು ಆಯಿತು. ಯಜಮಾನರು ಕನ್ನಡಿ ಪಕ್ಕದ ಮೊಳೆಯಿಂದ ಛತ್ರಿ ತೆಗೆಯುವಾಗ ಅದರ ಕೊಕ್ಕೆ ಸಿಕ್ಕಿ ಮೂರನೆಯ ಗಡಿಗೆ ನೆಲಕ್ಕೆ ಬಿದ್ದು ಒಡೆಯಿತು. ನಾನು ಕೂಗಿಕೊಂಡ ರಭಸಕ್ಕೆ ಅವರು ಛತ್ರಿ ಬಿಟ್ಟು ಮಳೆಯಲ್ಲೇ ಹೋದರು.

ಅತ್ತು ಮುಗಿದ ಮೇಲೆ ಕೂತು ನೋಡಿದೆ. ಬಿಂದುವಿಗೆ ಫೋನು ಮಾಡಲಿಲ್ಲ, ಇದು ಬಸುರಿಗೆ ತೋರಿಸುವಂಥದಲ್ಲ.

ಒಳಗೆ ಬಿಳಿಯದೊಂದು ಮರಿ, ಕಾಲಿಲ್ಲ, ಬೇಯಿಸಿದ ಅಕ್ಕಿಕಾಳಿನಂತೆ ದುಂಡಗೆ. ಅದರ ಸುತ್ತ ಹಸಿರು ಹುಳಗಳ ಸಿಪ್ಪೆ. ಎರಡು ಹುಳ ಮಾತ್ರ ಪೂರಾ ಉಳಿದಿದ್ದವು. ಸತ್ತಿವೆ ಎಂದುಕೊಂಡು ಪೊರಕೆ ಕಡ್ಡಿಯಲ್ಲಿ ಮುಟ್ಟಿದೆ. ಒಂದು ಚೂರೇ ಚೂರು ಬಾಲ ಅಲ್ಲಾಡಿಸಿತು. ಜೀವ ಇದೆ, ಮೈ ಕೇಳುವುದಿಲ್ಲ. ನನ್ನ ಬಲಗೆನ್ನೆಯ ಹಾಗೇ. ಅಷ್ಟು ದಿನವೂ ಕೆಡದೆ ಇರಲಿ ಎಂದು ತಾಯಿ ಹಾಗೆ ಕುಟುಕಿ ತಂದಿದೆ. ಮರಿಗೆ ಬುತ್ತಿ.

ಹಾಗಾದರೆ ಕೀಡೆ ಕುಂಡಲಿಗ ಆಗುವುದಿಲ್ಲ. ಕೀಡೆ ಊಟವಾಗುತ್ತದೆ. ಮರಿ ಬೇರೆಯೇ, ತಾಯಿ ಇಟ್ಟ ಮೊಟ್ಟೆಯದು.

ಶಿವಾ, ನಾನು ಕೆಟ್ಟದ್ದೇನೂ ಬರೆಯುತ್ತಿಲ್ಲ. ಸ್ವಾಮಿಗಳು ಹೇಳಿದ್ದು ಮನಸ್ಸಿನ ಮಾತು, ಹುಳದ ಮಾತಲ್ಲ. ನಿನ್ನನ್ನು ನೋಡುತ್ತಾ ನೀನೇ ಆಗುವುದು ಇರಲೇಬೇಕು, ಇಲ್ಲದಿದ್ದರೆ ಮೂವತ್ತು ವರ್ಷ ನಾನು ಕೂತದ್ದೇಕೆ? ಹುಳವನ್ನು ನೋಡುತ್ತಾ ಹುಳವಾಗುವುದನ್ನು ಮಾತ್ರ ನಾನು ಕಾಣಲಿಲ್ಲ. ಈ ಬಿಳಿ ಮರಿ ಕಣ್ಣು ಬಿಟ್ಟಾಗಿನಿಂದ (ಕಣ್ಣಿದೆಯೋ ಇಲ್ಲವೋ ಗೊತ್ತಾಗಲಿಲ್ಲ) ಹಸಿರು ಹುಳಗಳ ನಡುವೆಯೇ ಮಲಗಿ, ಅವನ್ನೇ ತಿಂದು ಬೆಳೆದಿದೆ. ಆದರೂ ಮೈಯಲ್ಲಿ ಹಸಿರಿನ ಸುಳಿವಿಲ್ಲ.

ಉಳಿದ ಎರಡು ಗಡಿಗೆಯಿಂದ ಏನು ಬರುತ್ತದೆ? ಹಸಿರು ಹುಳ ಬಂದರೆ ನಾನು ನರಸೀಪುರದ ದಾರಿ ನೋಡುವುದಿಲ್ಲ. ತಾಯಿಯ ಹಾಗೆ ಹಳದಿ ಸೊಂಟದ್ದು ಬಂದರೆ ಹೋಗುತ್ತೇನೆ. ಹೀಗೆಂದು ನಿನ್ನ ಮುಂದೆಯೇ ಹೇಳಿಕೊಂಡಿದ್ದೇನೆ.

೧೭ ಅಕ್ಟೋಬರ್, ಶುಕ್ರವಾರ

ಬಂದಿಲ್ಲ. ಮರಿ ಗಡಿಗೆಯನ್ನು ಒಳಗಿನಿಂದ ಹೇಗೆ ಒಡೆಯುತ್ತದೆ? ಕಲ್ಲಿನಂತಾಗಿದೆ. ಉಗುರಲ್ಲಿ ಕೆರೆದು ನೋಡಿದೆ, ಉಗುರೇ ಸವೆಯಿತು.

ಇನ್ನೊಂದು ಯೋಚನೆ. ಈ ಮರಿ ತಾಯಿಯ ಮುಖವನ್ನೇ ನೋಡಿರುವುದಿಲ್ಲ. ಬುತ್ತಿ ಕಟ್ಟಿಟ್ಟು, ಬಾಗಿಲು ಹಾಕಿ ಅವಳು ಹೋಗಿಬಿಟ್ಟಳು. ಇದನ್ನು ಹೇಳಿದರೆ ಯಜಮಾನರು, "ಅದು ಹುಳ ಕಣೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನ್ ಹೆಂಗ್ಸು" ಎಂದರು. ಛತ್ರಿ ಈಗ ಕೊಟ್ಟಿಗೆಯಲ್ಲಿದೆ.

೨೩ ಅಕ್ಟೋಬರ್, ಗುರುವಾರ

ಬಂತು! ಬಂತು ಶಿವಾ!

ಹತ್ತು ಗಂಟೆಯ ಬಿಸಿಲು ಹಜಾರಕ್ಕೆ ಬಿದ್ದಿತ್ತು. ರೊಟ್ಟಿ ತಟ್ಟುತ್ತಿದ್ದವಳಿಗೆ ಕರಕರ ಎಂಬ ಸದ್ದು ಕೇಳಿತು. ಇಲಿ ಎಂದುಕೊಂಡೆ. ಅಲ್ಲ, ಮೊದಲನೆಯ ಗಡಿಗೆ. ಸೂಜಿ ಮೊನೆಯಷ್ಟು ತೂತು ಬಿದ್ದಿತ್ತು, ತೂತಿನಿಂದ ಹಿಟ್ಟಿನಂತೆ ಮಣ್ಣು ಉದುರುತ್ತಿತ್ತು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಬಿಂದುವಿಗೆ ಮಾಡಿದೆ.

"ಬಿಂದು, ನೋಡು ನೋಡು, ಬತ್ತಾ ಅದೆ! ತಲೆ ಬಂತು!"

"ಎಲ್ಲವ್ವ?"

"ಇಲ್ಲೇ ಕಣೆ, ಕಣ್ಮುಂದೇನೆ! ಅಯ್ಯೋ, ಕಾಲು! ಸೊಂಟ ನೋಡೇ, ಹಳದಿ! ಅವ್ವನಂಗೇ ಅದೆ ಕಣೆ, ಥೇಟ್ ಅವ್ವನಂಗೇ!"

ಫೋನನ್ನು ಇನ್ನೂ ಹತ್ತಿರ ಹಿಡಿದೆ.

"ಕಾಣ್ತಿಲ್ವೇನೆ?"

"ಕಾಣ್ತಾ ಅದೆ ಅವ್ವ," ಎಂದಳು. "ನೀನೇ ಕಾಣ್ತಿದ್ದೀಯ."

ಬಾಣದ ಗುರುತು ಒತ್ತುವುದನ್ನು ಮರೆತಿದ್ದೆ. ನನ್ನ ಮೂತಿಯನ್ನೇ ಇಷ್ಟು ಹತ್ತಿರ ಹಿಡಿದು ಕೂಗುತ್ತಿದ್ದೆ! ಸೆರಗು ಎಳೆದುಕೊಂಡೆ, ಹಿಟ್ಟೆಲ್ಲ ಕೆನ್ನೆಗೆ ಮೆತ್ತಿತು.

"ಮುಚ್ಕಬ್ಯಾಡ ಅವ್ವ. ಅಪ್ಪ ಮೊದಲ್ನೇ ವಾರವೇ ಇವ್ರತ್ರ ಹೇಳವ್ರೆ."

"ನಿಂಗ್ ಗೊತ್ತಿತ್ತಾ? ಮತ್ತೆ ಕೇಳ್ಲೇ ಇಲ್ಲ?"

"ನೀನೇ ತೋರ್ಸೋ ಗಂಟ ಇರಾನ ಅಂತ. ದಿನಾ ನಾನ್ ಹುಳ ನೋಡಕ್ಕಾ ಫೋನ್ ಮಾಡ್ತಿದ್ದದ್ದು?" ನಕ್ಕಳೋ ಅತ್ತಳೋ, ಎರಡೂ ಇತ್ತು. "ಆಮೇಲಾಮೇಲೆ ಹುಳಕ್ಕೂ ಮಾಡ್ತಿದ್ದೆ ಅನ್ನು."

"ಬಸ್ರಿ ಇಂಥದ್ದ ನೋಡ್ಬಾರ್ದು ಕಣೆ ಮಗಳೇ."

"ನೀನ್ ಕೊಟ್ಟಿದ್ಯಲ್ಲ ಮಗಿನ್ ಕ್ಯಾಲೆಂಡರು, ಅದ್ರ್ ಮೇಲೆ ಇವ್ರು ದಿನಾ ಶರ್ಟ್ ನೇತಾಕ್ತಾರೆ. ಹಂಗಂತ ನಾನ್ ಶರ್ಟ್ ಹೆರ್ತೀನಾ?"

ನಗು ಬಂದುಬಿಟ್ಟಿತು. ಹೇಗೆ ಕಂಡಿತೋ ಏನೋ ಆ ನಗು.

"ಅವ್ವ, ಮದ್ಲು ಹುಳ ತೋರ್ಸು, ಹಾರೋದೀತು!"

ಬಾಣ ಒತ್ತಿ ತಿರುಗಿಸಿದೆ. ಹಾರಿಹೋಗಿತ್ತು. ತೂತು ಮಾತ್ರ ಉಳಿದಿತ್ತು. ಅವಳು ನನ್ನನ್ನು ಬೈದಳು, ನಾನು ಅವಳನ್ನು ಬೈದೆ, ಮಾತಾಡಿಸಿ ಮಾತಾಡಿಸಿ ಹೊತ್ತು ಕಳೆದದ್ದು ಯಾರು ಎಂದು.

ಮಾತಿನ ನಡುವೆ ನಾನೊಬ್ಬಳೇ ಕಂಡದ್ದನ್ನು ಬರೆದಿಡುತ್ತೇನೆ. ಹೊರಗೆ ಬಂದ ಮೇಲೆ ಅದು ರಟ್ಟಿನ ಮೇಲೆ ನಿಂತು, ಮೊದಲು ಮಾಡಿದ ಕೆಲಸ ಎರಡೂ ಮುಂಗಾಲಲ್ಲಿ ಮುಖ ಒರೆಸಿಕೊಂಡದ್ದು. ಮೀಸೆ ಒಂದೊಂದಾಗಿ ಎಳೆದು ಸರಿಮಾಡಿಕೊಂಡಿತು. ರೆಕ್ಕೆ ಒಣಗಿಸಿಕೊಂಡಿತು. ನಾನು ಬಾಣ ಒತ್ತುವಷ್ಟರಲ್ಲಿ ಹೊರಟಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಯಾರು ಹೇಳಿದರು?

ಯಜಮಾನರ ಜೊತೆ ಮಾತು ಬಿಟ್ಟಿದ್ದೇನೆ. ನಾಳೆ ಆಡುತ್ತೇನೆ.

೩ ನವೆಂಬರ್, ಸೋಮವಾರ

ಕಾರ್ತಿಕ ಸೋಮವಾರ. ನಂಜನಗೂಡಿಗೆ ಹೋಗಿ ದೀಪ ಹಚ್ಚಿ ಬಂದೆ. ಕಪಿಲೆಯ ಮೆಟ್ಟಿಲ ಸಂದಿಯಲ್ಲಿ ಬೇರೆ ಜಾತಿಯ ಗೂಡು ಕಂಡೆ, ಗಡಿಗೆಯಲ್ಲ, ಕೊಳಲ ಹಾಗೆ ಉದ್ದುದ್ದ. ಒಂದು ಒಡೆದಿತ್ತು, ಅದರೊಳಗೆ ಜೇಡ ತುಂಬಿದ್ದಾವೆ! ಡಾಕ್ಟರಿಗೂ ತೋರಿಸಿಕೊಂಡು ಬಂದೆವು. ಮುಕ್ಕಾಲು ಸರಿಯಾಗಿದೆ, ಬಾಯಿಯ ತುದಿ ಇನ್ನೂ ಎಳೆದಿದೆ, ಅಷ್ಟು ಉಳಿಯಬಹುದು ಎಂದರು. ಜೇಡವನ್ನು ಯಾಕೆ ತುಂಬುತ್ತದೆ ಎಂದು ಕೇಳಿದೆ. ಅವರಿಗೆ ತಿಳಿಯದು.

ಸಂಜೆ ಪೂಜೆ ಚೆನ್ನಾಗಿ ಆಯಿತು. ಲಿಂಗದ ಹೊಳಪಿನಲ್ಲಿ ದೀಪ ನೆಟ್ಟಗೆ ಉರಿಯುತ್ತಿತ್ತು.

೧೫ ನವೆಂಬರ್, ಶನಿವಾರ

ಮಡಿಲಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ಬಳೆ, ಸೀರೆ, ಐದು ಬಗೆ ತಿಂಡಿ. ಎಲ್ಲ ಕಟ್ಟಿದ್ದಾಯಿತು. ಒಡೆದ ಮೂರನೆಯ ಗಡಿಗೆಯ ಚೂರನ್ನೂ ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ, ತೆಳ್ಳನೆ ಗೋಡೆಯ ಕೆಲಸ ಬಿಂದು ಕೈಯಲ್ಲಿ ಹಿಡಿದು ನೋಡಲಿ. ಎರಡನೆಯದರಿಂದಲೂ ಮರಿ ಬಂದಾಯಿತು, ನಾನು ಮಲಗಿದ್ದಾಗ. ಯಜಮಾನರು, "ಇನ್ನಾದ್ರೂ ಕನ್ನಡಿ ತಿರುಗ್ಸಾ?" ಎಂದರು. ಮೊನ್ನೆ ಒಂದು ಹುಳ ಬಂದು ಅದೇ ರಟ್ಟನ್ನು ಮುಟ್ಟಿ ಮುಟ್ಟಿ ನೋಡಿಹೋಗಿದೆ. ಇರಲಿ ಎಂದೆ. ವಿಭೂತಿ ಇಡಲು ಕನ್ನಡಿ ಏತಕ್ಕೆ, ಬೆರಳಿಗೆ ಹಣೆ ಗೊತ್ತು.

೧೮ ನವೆಂಬರ್, ಮಂಗಳವಾರ

ಬಿಂದು ಬಂದಿದ್ದಾಳೆ. ಹಜಾರದಲ್ಲಿ ಕನ್ನಡಿಯ ಕೆಳಗೇ ಚಾಪೆ ಹಾಕಿಸಿಕೊಂಡು ಮಲಗಿ ತೂತುಗಳನ್ನು ನೋಡುತ್ತಿದ್ದಾಳೆ. ಹೊಟ್ಟೆ ಒಳ್ಳೆ ಗಡಿಗೆಯಾಗಿದೆ.

ಸೀಮಂತ ಚೆನ್ನಾಗಿ ನಡೆಯಿತು. ಹೋಳಿಗೆ ಹೂರಣಕ್ಕೆ ಏಲಕ್ಕಿ ಜಾಸ್ತಿ ಹಾಕಿದ್ದರು. ಮೊದಲ ಜೊತೆ ಬಳೆ ನಾನೇ ತೊಡಿಸಿದೆ, ಅವಳ ಕೈ ಊದಿಕೊಂಡಿತ್ತು, ಸೋಪು ಹಚ್ಚಬೇಕಾಯಿತು. ಬೀಗಿತ್ತಿ ನನ್ನ ಬಾಯಿ ನೋಡಿ ಏನೋ ಕೇಳಲು ಬಂದರು. ಅಷ್ಟರಲ್ಲಿ ಶಾಮಿಯಾನದ ಬೊಂಬಿನ ಮೇಲೆ ಒಂದು ಕಣಜ ಮಣ್ಣುಂಡೆ ಹಿಡಿದು ಇಳಿಯಿತು. ನಮ್ಮ ಮನೆಯ ಜಾತಿಯೇ, ಪಟ್ಟೆ ಮಾತ್ರ ಅಗಲ. "ಬೀಗ್ತೀರೇ, ಅಲ್ ನೋಡಿ, ಅಲ್ ನೋಡಿ" ಎಂದು ತೋರಿಸಿದೆ. ಫೋಟೋದವನು, "ಅಮ್ಮ ಈ ಕಡೆ, ಅಮ್ಮ ಈ ಕಡೆ" ಎನ್ನುತ್ತಲೇ ಇದ್ದ. ನಾನು ತಿರುಗಲಿಲ್ಲ. ಉಂಡೆ ಒತ್ತುವ ಹೊತ್ತು ಅದು.

ಇವತ್ತು ಅಮೃತೇಶ್ ಆ ಫೋಟೋ ಕಳಿಸಿದ. ಬಿಂದು ದೊಡ್ಡದು ಮಾಡಿ ತೋರಿಸಿದಳು. ಎಲ್ಲರೂ ಎದುರಿಗೆ ನೋಡುತ್ತಿದ್ದಾರೆ. ನಾನೊಬ್ಬಳು ಪಕ್ಕಕ್ಕೆ ತಿರುಗಿ ಕೈ ಚಾಚಿದ್ದೇನೆ, ಬಲಗೆನ್ನೆ ಪೂರಾ ಬಂದಿದೆ, ಬಾಯಿ ಬಿಟ್ಟುಕೊಂಡಿದ್ದೇನೆ. ನನ್ನ ಬೆರಳು ಹೋದ ದಾರಿಯಲ್ಲೇ ಹುಡುಕಿದೆ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಹುಡುಕಿದೆ.

ಬೊಂಬು ಇದೆ. ಹುಳ ಫೋಟೋದಲ್ಲಿ ಬಿದ್ದಿಲ್ಲ.